ಸ್ಟ್ರಾಟಜಿ ಗೇಮ್‌ಗಳಲ್ಲಿ ಕನ್ನಡ ನಾಡಿನಿಂದ ಒಬ್ಬ ಲೀಡರ್ ಅಂದರೆ ಯಾರು? ಯಾಕೆ?

ಇನ್ನೊಂದೇ_ಟರ್ನ್
ಎಲ್ಲರಿಗೂ ನಮಸ್ಕಾರ. ಸಿವಿಲೈಸೇಶನ್ ('ಸಿವ್', ಇತಿಹಾಸದ ಒಬ್ಬ ಲೀಡರ್ ಆಗಿ ಒಂದು ನಾಗರಿಕತೆಯನ್ನು ಬೆಳೆಸುವ ಕಂಪ್ಯೂಟರ್ ಆಟ) ಆಡುವವರು ಇಲ್ಲಿ ತುಂಬಾ ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

1991ರ ಮೊದಲ ಆಟದಿಂದ ಆರನೇದರವರೆಗೂ ಭಾರತ ಅಂದರೆ ಗಾಂಧೀಜಿ. ನಡುವೆ ಎರಡನೇ ಆಟದಲ್ಲಿ ಇಂದಿರಾ ಗಾಂಧಿ ಇದ್ದರು, ನಾಲ್ಕರಲ್ಲಿ ಅಶೋಕ ಬಂದ, ಆರಕ್ಕೆ 2018ರಲ್ಲಿ ಚಂದ್ರಗುಪ್ತ ಮೌರ್ಯ ಸೇರಿಕೊಂಡ. 2025ರಲ್ಲಿ ಬಂದ ಏಳನೇ ಆಟ ಗಾಂಧಿ ಇಲ್ಲದೆಯೇ ಬಿಡುಗಡೆಯಾಯಿತು. ಅದರಲ್ಲಿ ಭಾರತ ಅನ್ನೋ ಒಂದೇ ದೇಶವೂ ಇಲ್ಲ. ಮೊದಲ ಯುಗಕ್ಕೆ ಮೌರ್ಯರು, ಎರಡನೇದಕ್ಕೆ ಚೋಳರು, ಮೂರನೇದಕ್ಕೆ ಮೊಘಲರು.

ಸರಿ, ಒಳ್ಳೇದೇ. ಆದರೆ ಬಾದಾಮಿ, ಮಾನ್ಯಖೇಟ, ಕಲ್ಯಾಣ, ಹಂಪಿ ಇವೆಲ್ಲ ಎಲ್ಲಿ ಹೋದವು? ಸಾವಿರ ವರ್ಷ ದಖ್ಖನ್ ಆಳಿದವರಿಗೆ ಒಂದು ಸೀಟೂ ಇಲ್ವಾ? ನಾಳೆ ಒಂದೇ ಒಂದು ಜಾಗ ಖಾಲಿ ಇದೆ ಅಂದರೆ ನೀವು ಯಾರನ್ನು ಕಳಿಸುತ್ತೀರಿ? ನನ್ನ ವೋಟು ಇಮ್ಮಡಿ ಪುಲಕೇಶಿಗೆ.

ಗದಗ_ಗೇಮರ್
ಕೃಷ್ಣದೇವರಾಯ. ಮುಗೀತು. ಥ್ರೆಡ್ ಲಾಕ್ ಮಾಡಿ.

ಹಳೇ_ಪೆಂಟಿಯಂ
ಗಾಂಧಿ ಅಂದ ತಕ್ಷಣ ಯಾರಾದರೂ ಅಣುಬಾಂಬ್ ಕಥೆ ತಂದೇ ತರುತ್ತಾರೆ. ಅವರಿಗಿಂತ ಮೊದಲು ನಾನೇ ಹೇಳಿಬಿಡುತ್ತೇನೆ. ಮೊದಲ ಆಟದಲ್ಲಿ ಗಾಂಧಿಯ ಆಕ್ರಮಣ ಅಂಕ 1 ಇತ್ತು, ಪ್ರಜಾಪ್ರಭುತ್ವ ಬಂದಾಗ 2 ಕಡಿಮೆಯಾಗಿ, ಸೊನ್ನೆಗಿಂತ ಕೆಳಗೆ ಹೋಗಲಾಗದೆ ಅದು ಗರಿಷ್ಠ ಅಂಕ 255ಕ್ಕೆ ತಿರುಗಿತು, ಹಾಗಾಗಿ ಬಾಂಬ್ ಹಾಕುತ್ತಿದ್ದರು ಅಂತ ಹೇಳುವುದು ಸುಳ್ಳು. ಅಂಥ ಬಗ್ ಇರಲೇ ಇಲ್ಲ ಅಂತ ಆಟ ಮಾಡಿದ ಸಿಡ್ ಮೀಯರ್ ಅವರೇ 2020ರಲ್ಲಿ ಬರೆದಿದ್ದಾರೆ. ಆದರೆ ಐದನೇ ಆಟದಲ್ಲಿ ಬೇಕಂತಲೇ ತಮಾಷೆಗೆ ಗಾಂಧಿಯ ಅಣುಬಾಂಬ್ ಅಂಕ 12 ಇಟ್ಟಿದ್ದರು. ಹತ್ತಕ್ಕೆ ಹನ್ನೆರಡು! ಆರರಲ್ಲೂ ಅಣ್ವಸ್ತ್ರ ಪ್ರೀತಿಯ ಗುಟ್ಟಿನ ಅಜೆಂಡಾ ಅವರಿಗೆ ಸಿಗುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಅಂದರೆ ಇಲ್ಲದ ಬಗ್ಗನ್ನು ಅವರೇ ಕೊನೆಗೆ ನಿಜ ಮಾಡಿದರು.

ಸುಮ್ನೆ_ನೋಡೋನು
ಇದು ತಮಾಷೆ ಅನ್ನಿಸುವುದು ಹೊರಗಿನವರಿಗೆ. ನಮ್ಮ ಅಜ್ಜ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿ ಬಂದವರು. ನಾನು ಆಡುವಾಗ ಪಕ್ಕ ಕೂತು ನೋಡಿ "ಇದ್ಯಾರೋ ಗಾಂಧಿ ವೇಷ ಹಾಕಿದವನು" ಅಂದಿದ್ದರು. ಆಮೇಲೆ ಅವರ ಎದುರು ಆ ಆಟ ಹಾಕಲೇ ಇಲ್ಲ.

ಇತಿಹಾಸದ_ಮೇಡಂ
ಪುಲಕೇಶಿ ಒಳ್ಳೆ ಆಯ್ಕೆ. ದಾಖಲೆ ಗಟ್ಟಿಯಾಗಿದೆ. ಕ್ರಿ.ಶ. 634ರ ಐಹೊಳೆ ಶಾಸನ ಇದೆ, ಬರೆದ ಕವಿ ರವಿಕೀರ್ತಿಯ ಹೆಸರೂ ಗೊತ್ತು. ನರ್ಮದೆ ಹತ್ತಿರ ಹರ್ಷವರ್ಧನನನ್ನು ತಡೆದ ವಿಷಯ ಅದರಲ್ಲೇ ಬರುತ್ತದೆ.

ಆಟಕ್ಕೆ ಬೇಕಾದ ಮಸಾಲೆಯೂ ಸಿಗುತ್ತದೆ. ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಪುಲಕೇಶಿಯ ಸೈನ್ಯದ ಬಗ್ಗೆ ಬರೆದಿದ್ದಾನೆ. ಯುದ್ಧಕ್ಕೆ ಮೊದಲು ವೀರರು ಹೆಂಡ ಕುಡಿಯುತ್ತಿದ್ದರಂತೆ, ಆನೆಗಳಿಗೂ ಕುಡಿಸುತ್ತಿದ್ದರಂತೆ. ಸೋತು ಬಂದ ಸೇನಾಪತಿಗೆ ಬೇರೆ ಶಿಕ್ಷೆ ಇಲ್ಲ, ಹೆಣ್ಣಿನ ಉಡುಪು ಕೊಡುತ್ತಿದ್ದರಂತೆ.

ಗದಗ_ಗೇಮರ್
ಹೆಂಡ ಕುಡಿದ ಆನೆ!! ನನ್ನ ವೋಟು ವಾಪಸ್. ಪುಲಕೇಶಿ, ಪುಲಕೇಶಿ. ವಿಶೇಷ ಯೂನಿಟ್ ರೆಡಿ: ಪಕ್ಕದಲ್ಲಿ ದ್ರಾಕ್ಷಿ ತೋಟ ಇದ್ದರೆ ಶಕ್ತಿ +10, ಮೂರು ಟರ್ನ್ ಆದ ಮೇಲೆ ನಮ್ಮವರನ್ನೇ ತುಳಿಯುತ್ತದೆ.

ಪುಣೆಯ_ಕನ್ನಡಿಗ
ಮೇಡಂ, ಅರ್ಧ ಮಾತ್ರ ಹೇಳಿದಿರಿ 🙂 ಅದೇ ಹ್ಯೂಯೆನ್ ತ್ಸಾಂಗ್ ಪುಲಕೇಶಿಯ ದೇಶವನ್ನು ಏನಂತ ಕರೆದಿದ್ದಾನೆ? ಮಹಾರಾಷ್ಟ್ರ ಅಂತ. ಇಲ್ಲಿ ನನ್ನ ಆಫೀಸಿನ ಗೆಳೆಯರು ಪುಲಕೇಶಿ ನಮ್ಮವನು ಅಂತ ಹೇಳುವುದು ಇದೇ ಆಧಾರದ ಮೇಲೆ. ರಾಷ್ಟ್ರಕೂಟರ ವಿಷಯದಲ್ಲೂ ಇದೇ ಜಗಳ, ಎಲ್ಲೋರಾದ ಕೈಲಾಸ ಯಾರದು ಅಂತ. ಒಂದು ಗೇಮ್ ಕಂಪನಿ ಬಾದಾಮಿಯ ಚಾಲುಕ್ಯ ಅಂತ ಹಾಕಿದ ದಿನವೇ ಎರಡೂ ಕಡೆಯವರು ಒಂದು ಸ್ಟಾರ್ ಕೊಡಲು ಸಾಲಲ್ಲಿ ನಿಂತಿರುತ್ತಾರೆ.

ಇತಿಹಾಸದ_ಮೇಡಂ
@ಪುಣೆಯ_ಕನ್ನಡಿಗ ರಾಜಧಾನಿ ಬಾದಾಮಿ. ಚಾಲುಕ್ಯರ ಕನ್ನಡ ಶಾಸನಗಳು ಬಾದಾಮಿ, ಪಟ್ಟದಕಲ್ಲುಗಳಲ್ಲಿ ಇವೆ. ಯಾತ್ರಿಕ ಒಂದು ಹೆಸರು ಬರೆದ ಅಂದ ಮಾತ್ರಕ್ಕೆ ಇಂದಿನ ರಾಜ್ಯದ ಗಡಿ ಅಲ್ಲಿಗೆ ಹೋಗುವುದಿಲ್ಲ. ಹಾಗೇ ಇಂದಿನ ಕರ್ನಾಟಕದ ಗಡಿಯೂ ಹೋಗುವುದಿಲ್ಲ, ಅದನ್ನೂ ಒಪ್ಪಬೇಕು. ಐಹೊಳೆ ಶಾಸನದ ಭಾಷೆ ಸಂಸ್ಕೃತ, ಕನ್ನಡವಲ್ಲ.

ಕೋಲಾರದ_ಚಿನ್ನ
ಕೃಷ್ಣದೇವರಾಯ ಅಂದವರಿಗೆ ಒಂದು ಪ್ರಶ್ನೆ. ಅವನು ಕನ್ನಡಿಗನಾ, ತೆಲುಗನಾ, ತುಳುವನಾ? ನಮ್ಮೂರಲ್ಲಿ ಅರ್ಧ ಮನೆ ತೆಲುಗು, ಅರ್ಧ ಕನ್ನಡ. ಎಲ್ಲರ ಮನೆಯಲ್ಲೂ ರಾಯ ನಮ್ಮವನೇ. ವಂಶದ ಹೆಸರು ತುಳುವ. ಕಾವ್ಯ ಬರೆದಿದ್ದು ತೆಲುಗಿನಲ್ಲಿ. ಬಿರುದು 'ಕನ್ನಡ ರಾಜ್ಯ ರಮಾರಮಣ'. ಶಾಸನ ಕನ್ನಡ, ತೆಲುಗು, ತಮಿಳು, ಸಂಸ್ಕೃತ ಎಲ್ಲದರಲ್ಲೂ ಇವೆ. ಆಟದಲ್ಲಿ ಲೀಡರ್ ಒಂದೇ ಭಾಷೆ ಮಾತಾಡಬೇಕಲ್ಲ, ಯಾವುದು ಕೊಡುತ್ತೀರಿ?

ಗದಗ_ಗೇಮರ್
ಯುದ್ಧ ಸಾರುವಾಗ ಕನ್ನಡ, ಸೋತಾಗ ತೆಲುಗು.

ಕೋಲಾರದ_ಚಿನ್ನ
ನಿಮ್ಮನ್ನು ನಮ್ಮ ಊರ ಕಡೆ ಬಿಡಬಾರದು ಗುರು 😂

ಮಂಗಳೂರು_ಬನ್ಸ್
ತುಳುವ ಅಂತ ನೀವೇ ಬರೆದಿರಿ, ಆಮೇಲೆ ತುಳು ಭಾಷೆ ಆಯ್ಕೆಯಲ್ಲೇ ಇಲ್ಲ! ಇದೇ ನೋಡಿ. ದೆಹಲಿಯವರು ನಮ್ಮನ್ನು ಮರೆತರು ಅಂತ ಬೆಂಗಳೂರಿನವರು ಅಳುತ್ತಾರೆ, ಬೆಂಗಳೂರಿನವರು ನಮ್ಮನ್ನು ಮರೆಯುತ್ತಾರೆ. ನಮಗೆ ಉಳ್ಳಾಲದ ರಾಣಿ ಅಬ್ಬಕ್ಕ ಕೊಡಿ. ಪೋರ್ಚುಗೀಸರ ವಿರುದ್ಧ ಕಡಲ ಯುದ್ಧ, ಕಾಳುಮೆಣಸು ವ್ಯಾಪಾರ, ಸಣ್ಣ ರಾಜ್ಯ. ಆಟದ ಎರಡನೇ ಯುಗಕ್ಕೆ ಇದಕ್ಕಿಂತ ಸರಿಯಾದವರು ಯಾರು?

ಧಾರವಾಡ_ಪೇಡಾ
ಏಳನೇ ಆಟಕ್ಕೆ ಆಮೇಲೆ ಬಂದ ಡಿಎಲ್‌ಸಿಯಲ್ಲಿ (ಹೆಚ್ಚುವರಿ ಭಾಗದಲ್ಲಿ) ಝಾನ್ಸಿ ಲಕ್ಷ್ಮೀಬಾಯಿ ಬಂದಿದ್ದಾರೆ. ಸಂತೋಷ. ಆದರೆ ಅದು 1857. ನಮ್ಮ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ 1824ರ ಅಕ್ಟೋಬರ್‌ನಲ್ಲೇ ಕಲೆಕ್ಟರ್ ಥ್ಯಾಕರೆ ಹೆಣವಾಗಿದ್ದ ರೀ. ಮೂವತ್ತಮೂರು ವರ್ಷ ಮೊದಲು! ದತ್ತು ಮಗನ ವಿಷಯಕ್ಕೇ ಇಬ್ಬರು ರಾಣಿಯರದೂ ಬ್ರಿಟಿಷರ ಜೊತೆ ಜಗಳ. ಒಬ್ಬರ ಹೆಸರು ಜಗತ್ತಿಗೆಲ್ಲ ಗೊತ್ತು, ಇನ್ನೊಬ್ಬರ ಹೆಸರು ಬೆಳಗಾವಿ ದಾಟಿದರೆ ರೈಲಿನ ಹೆಸರು ಅಷ್ಟೇ.

ಸುಮ್ನೆ_ನೋಡೋನು
ಬೈಲಹೊಂಗಲದ ಜೈಲಿನಲ್ಲೇ ತೀರಿಕೊಂಡರು, 1829. ಆಟದಲ್ಲಿ ಹಾಕಿದರೂ ಕೊನೆಗೆ "ಯುದ್ಧ ಸೋತ ವೀರ ರಾಣಿ" ಅನ್ನೋ ಅದೇ ಚೌಕಟ್ಟಲ್ಲಿ ಇಡುತ್ತಾರೆ. ಗೆದ್ದ ರಾಣಿ ಬೇಕಿದ್ದರೆ ಕೆಳದಿ ಚೆನ್ನಮ್ಮ. ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನೇ ಎದುರಿಸಿದವಳು.

ಟೊರೊಂಟೊ_ಕನ್ನಡತಿ
ಎಲ್ಲರೂ "ನಮ್ಮವರನ್ನು ಸೇರಿಸಿ" ಅಂತಿದ್ದೀರಿ. ಸೇರಿಸಿದರೆ ಏನಾಗುತ್ತದೆ ಅಂತ ನಾನಿರುವ ದೇಶದ ಕಥೆ ಹೇಳುತ್ತೇನೆ.

2018ರಲ್ಲಿ ಆರನೇ ಆಟಕ್ಕೆ ಕೆನಡಾದ ಮೂಲನಿವಾಸಿಗಳಾದ ಕ್ರೀ ಜನಾಂಗವನ್ನು ಸೇರಿಸಿದರು. ಲೀಡರ್ ಪೌಂಡ್‌ಮೇಕರ್. 1885ರಲ್ಲಿ ಕೆನಡಾ ಸರ್ಕಾರ ಅವರ ಮೇಲೆ ರಾಜದ್ರೋಹದ ಆರೋಪ ಹೊರಿಸಿ ಜೈಲಿಗೆ ಹಾಕಿತ್ತು. ಆಟದಲ್ಲಿ ಅವರನ್ನು ಒಳ್ಳೆಯವರನ್ನಾಗಿಯೇ ತೋರಿಸಿದ್ದಾರೆ, ಶಾಂತಿ, ವ್ಯಾಪಾರ, ಮೈತ್ರಿ ಎಲ್ಲ. ಆದರೂ ಅವರದೇ ಸಮುದಾಯದ ಒಬ್ಬ ಮುಖಂಡರು ತಕರಾರು ತೆಗೆದರು. ಮೂಲನಿವಾಸಿಗಳಿಗೂ ವಸಾಹತುಗಾರರ ಹಾಗೆ ಬೇರೆಯವರ ನೆಲ ಗೆಲ್ಲುವ ಆಸೆ ಇತ್ತು ಅನ್ನೋ ಸುಳ್ಳನ್ನು ಈ ಆಟ ಬೆಳೆಸುತ್ತದೆ ಅಂತ ಅವರ ವಾದ. ತಮ್ಮನ್ನು ಮೊದಲೇ ಯಾರೂ ಕೇಳಲಿಲ್ಲ ಅಂತಲೂ ಹೇಳಿದರು. ಕೆನಡಾ ಸರ್ಕಾರ ಪೌಂಡ್‌ಮೇಕರ್ ನಿರಪರಾಧಿ ಅಂತ ಒಪ್ಪಿಕೊಂಡಿದ್ದು 2019ರಲ್ಲಿ. ಅಂದರೆ ಆಟಕ್ಕೆ ಬಂದಾಗ ಆ ಮನುಷ್ಯ ಕಾನೂನಿನ ಲೆಕ್ಕದಲ್ಲಿ ಇನ್ನೂ ಅಪರಾಧಿ.

ಇದಕ್ಕೂ ಮೊದಲು ಐದನೇ ಆಟದಲ್ಲಿ ಅಮೆರಿಕದ ಮೂಲನಿವಾಸಿಗಳಾದ ಪುಯೆಬ್ಲೊ ಜನರ ನಾಯಕ ಪೊಪೇ ಅವರನ್ನು ಹಾಕಲು ಹೊರಟಿದ್ದರು. ಅಲ್ಲಿ ಮೊದಲೇ ಕೇಳಿದರು. ಪುಯೆಬ್ಲೊ ಮುಖಂಡರ ಮಂಡಳಿ ಬೇಡ ಅಂತು, ಕೈಬಿಟ್ಟರು, ಆ ಜಾಗಕ್ಕೆ ಇನ್ನೊಂದು ಮೂಲನಿವಾಸಿ ಜನಾಂಗ ಶೊಶೊನಿ ಬಂದರು.

ಹಾಗಾಗಿ ನನ್ನ ಪ್ರಶ್ನೆ ಯಾರನ್ನು ಹಾಕಬೇಕು ಅಂತಲ್ಲ. ಆಟದ ಗೆಲುವಿನ ಲೆಕ್ಕವೇ "ಹೆಚ್ಚು ನೆಲ, ಹೆಚ್ಚು ಊರು" ಆಗಿರುವಾಗ ಅದರೊಳಗೆ ಯಾರನ್ನು ಹಾಕಿದರೂ ಅವರು ಅದೇ ಆಗುತ್ತಾರಲ್ಲ?

ಇನ್ನೊಂದೇ_ಟರ್ನ್
ಅಕ್ಕಾ, ಪುಲಕೇಶಿಗೆ ಆ ತೊಂದರೆ ಇಲ್ಲ. ಅವನು ನಿಜವಾಗಿಯೂ ನೆಲ ಗೆದ್ದವನೇ.

ಟೊರೊಂಟೊ_ಕನ್ನಡತಿ
ಅದೇ ನಾನು ಹೇಳುವುದು. ಅದಕ್ಕೇ ನಿಮಗೆ ಅವನು ಮೊದಲು ನೆನಪಾದ. ಐಹೊಳೆಯ ಶಿಲ್ಪಿಗಳು ನೆನಪಾಗಲಿಲ್ಲ.

ಶಿರಸಿ_ಅಡಿಕೆ
ಶಿಲ್ಪಿ ಬೇಡ, ವ್ಯಾಪಾರಿ ಬಂದರೆ? ರಾಜನೇ ಯಾಕೆ ಬೇಕು? ಏಳನೇ ಆಟದಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಹ್ಯಾರಿಯೆಟ್ ಟಬ್‌ಮನ್, ಮಾಕಿಯವೆಲ್ಲಿ, ಫಿಲಿಪ್ಪೀನ್ಸ್‌ನ ಹೊಸೆ ರಿಸಾಲ್ ಎಲ್ಲ ಇದ್ದಾರೆ. ಒಬ್ಬರೂ ಸಿಂಹಾಸನದ ಮೇಲೆ ಕೂತವರಲ್ಲ. ಹಾಗಾದರೆ ನಮ್ಮ ಕಡೆಯಿಂದ ಅಯ್ಯಾವೊಳೆ ಐನೂರ್ವರು ಹೋಗಲಿ. ಐಹೊಳೆಯ ವರ್ತಕರ ಸಂಘ. ದಕ್ಷಿಣ ಭಾರತ ಪೂರ್ತಿ ಸುತ್ತಿ ಕಡಲು ದಾಟಿ ವ್ಯಾಪಾರ ಮಾಡಿದವರು. ಸುಮಾತ್ರಾದ ಬಾರೂಸ್‌ನಲ್ಲಿ ಇವರ ಹೆಸರಿನ ಶಾಸನ ಇದೆ, 1088ನೇ ಇಸವಿಯದು.

ಪುಣೆಯ_ಕನ್ನಡಿಗ
ಆ ಶಾಸನ ತಮಿಳಿನಲ್ಲಿದೆ 🙂

ಶಿರಸಿ_ಅಡಿಕೆ
ನಿಮಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ.

ಹೊನ್ನಾವರದವ
ಏಳನೇ ಆಟದ ಲೀಡರ್‌ಗಳಲ್ಲಿ ಒಬ್ಬರು ಈಗಾಗಲೇ ನಮ್ಮೂರಿಗೆ ಬಂದು ಹೋಗಿದ್ದಾರೆ, ಯಾರೂ ಹೇಳಲಿಲ್ಲ! ಯಾತ್ರಿಕ ಇಬ್ನ್ ಬತೂತಾ. ಹದಿನಾಲ್ಕನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ. ಆ ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಅಂತ ಬರೆದಿದ್ದಾನೆ. ಆಗಿನ ಕಾಲಕ್ಕೆ ಹೆಣ್ಣುಮಕ್ಕಳಿಗೆ 13 ಶಾಲೆ! ನಾನು ಅವನನ್ನೇ ಆಡುವುದು, ಊರಿನ ಅಭಿಮಾನ.

ಮಸ್ಕಿ_ಹುಡುಗ
ಹಾಗೆ ನೋಡಿದರೆ ಅಶೋಕನೂ ನಮ್ಮ ಕಡೆಯವನೇ. 'ದೇವಾನಾಂಪ್ರಿಯ' ಅಂತ ಎಲ್ಲ ಕಡೆ ಶಾಸನ ಸಿಕ್ಕಿತ್ತು, ಆದರೆ ಆ ದೇವಾನಾಂಪ್ರಿಯ ಅಶೋಕನೇ ಅಂತ ಗಟ್ಟಿಯಾಗಿದ್ದು ನಮ್ಮ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದ. ಅದರಲ್ಲಿ ಹೆಸರೇ ಇದೆ. ಕೊಪ್ಪಳ, ಬಳ್ಳಾರಿ, ಚಿತ್ರದುರ್ಗ, ಸನ್ನತಿ ಎಲ್ಲ ಕಡೆ ಅವನ ಬಂಡೆಗಳಿವೆ. ಅವನ ಅಜ್ಜ ಚಂದ್ರಗುಪ್ತ ಶ್ರವಣಬೆಳಗೊಳದ ಬೆಟ್ಟದಲ್ಲಿ ಸಲ್ಲೇಖನ ಮಾಡಿ ಪ್ರಾಣ ಬಿಟ್ಟ ಅಂತ ಜೈನರ ನಂಬಿಕೆ. ತಮಾಷೆ ಏನಂದರೆ ಆರನೇ ಆಟದಲ್ಲಿ ಆ ಚಂದ್ರಗುಪ್ತನ ಶಕ್ತಿ ಏನು ಗೊತ್ತಾ? ಪಕ್ಕದವರ ನೆಲ ಕಬಳಿಸುವ ಯುದ್ಧ ಬೇಗ ಸಾರುವುದು. ಎಲ್ಲ ಬಿಟ್ಟು ಉಪವಾಸ ಕೂತವನಿಗೆ!

ಇತಿಹಾಸದ_ಮೇಡಂ
ಉಪವಾಸ ಕೊನೆಗೆ, ಯುದ್ಧ ಮೊದಲು. ಆಟದವರು ಮೊದಲ ಅರ್ಧ ಮಾತ್ರ ತಗೊಂಡರು. ಏಳರಲ್ಲಿ ಅಶೋಕನಿಗೆ ಎರಡು ರೂಪ ಕೊಟ್ಟಿದ್ದಾರೆ, ಒಂದು ಗೆಲ್ಲುವವನು, ಒಂದು ತ್ಯಜಿಸುವವನು. ಅದು ನನಗೆ ಹಿಡಿಸಿತು.

ಬಸವನಗುಡಿ_ಬೆಣ್ಣೆ
ರಾಜರಲ್ಲದವರು ಆಗಬಹುದು ಅಂದರೆ ಬಸವಣ್ಣನವರು! ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿ, ಹಣಕಾಸು ಗೊತ್ತು, ಅನುಭವ ಮಂಟಪ ಗೊತ್ತು. ಸಂಸ್ಕೃತಿಯ ಗೆಲುವಿಗೆ ಹೇಳಿ ಮಾಡಿಸಿದ ಹಾಗಿದ್ದಾರೆ.

ಸುಮ್ನೆ_ನೋಡೋನು
ದಯವಿಟ್ಟು ಬೇಡ. ಗಾಂಧಿಗೆ ಆದದ್ದು ನೋಡಿದ್ದೀರಿ. ನಾಳೆ ಯಾರೋ ಬಸವಣ್ಣ ಬಾಂಬ್ ಹಾಕಿದರು ಅಂತ ಮೀಮ್ ಮಾಡುತ್ತಾರೆ, ನಾಡಿದ್ದು ಇಲ್ಲಿ ಬಂದ್.

ಬಸವನಗುಡಿ_ಬೆಣ್ಣೆ
ಅದು ನಿಜ. ಹಾಗಾದರೆ ಸರ್ ಎಂ.ವಿ. ಅವರನ್ನು ಗ್ರೇಟ್ ಇಂಜಿನಿಯರ್ ಮಾಡಲಿ. ಅಣೆಕಟ್ಟು ಅರ್ಧ ಬೆಲೆಗೆ. ಕೆಂಪೇಗೌಡರಿಗೆ ಊರ ಪಕ್ಕ ಕೆರೆ ಕಟ್ಟಿದರೆ ಆಹಾರ +2.

ಹಳೇ_ಪೆಂಟಿಯಂ
ಮೂರನೇ ಯುಗದಲ್ಲಿ ಕೆರೆ ತಾನಾಗೇ ಬಸ್ ಸ್ಟ್ಯಾಂಡ್ ಆಗುತ್ತದೆ, ಸಂತೋಷ -4.

ಶ್ರೀರಂಗಪಟ್ಟಣ_99
ಎಲ್ಲರೂ ಒಬ್ಬರ ಹೆಸರು ಬಿಟ್ಟು ಸುತ್ತ ಸುತ್ತುತ್ತಿದ್ದೀರಿ. ಟಿಪ್ಪು ಸುಲ್ತಾನ್. ರಾಕೆಟ್. 2009ರ ಎಂಪೈರ್ ಟೋಟಲ್ ವಾರ್ ಅನ್ನೋ ಆಟದಲ್ಲಿ ಮೈಸೂರು ಇದೆ, ಆದರೆ ಆಡಲು ಕೊಡಲಿಲ್ಲ, ಮರಾಠರಿಗೆ ಮಾತ್ರ ಕೊಟ್ಟರು. 1799ರ ನಂತರ ಬ್ರಿಟಿಷರು ಇಲ್ಲಿನ ರಾಕೆಟ್ ಹೊತ್ತುಕೊಂಡು ಹೋಗಿ, ಅದನ್ನು ನೋಡಿ ಕಾಂಗ್ರೀವ್ ರಾಕೆಟ್ ಮಾಡಿದರು. ಇದಕ್ಕಿಂತ ವಿಶೇಷ ಯೂನಿಟ್ ಬೇಕಾ?

(ಮೂರು ಪ್ರತಿಕ್ರಿಯೆಗಳನ್ನು ತೆಗೆಯಲಾಗಿದೆ)

ನಿರ್ವಾಹಕ
ರಾಕೆಟ್ ಬಗ್ಗೆ ಮಾತಾಡಿ, ಆಟದ ಬಗ್ಗೆ ಮಾತಾಡಿ. ಜಯಂತಿ ಬೇಕಾ ಬೇಡವಾ ಅನ್ನೋ ಜಗಳಕ್ಕೆ ಬೇರೆ ಕಡೆ ಸಾಕಷ್ಟು ಜಾಗ ಇದೆ. ಇನ್ನೊಂದು ಸಲ ವೈಯಕ್ತಿಕ ಬೈಗುಳ ಬಂದರೆ ಥ್ರೆಡ್ ಮುಚ್ಚುತ್ತೇನೆ.

ಶ್ರೀರಂಗಪಟ್ಟಣ_99
ನಾನು ರಾಕೆಟ್ ಬಗ್ಗೆಯೇ ಬರೆದಿದ್ದು ಸಾರ್.

ದುರ್ಗದ_ಒನಕೆ
ಸಿವ್ ಬಿಟ್ಟು ಬನ್ನಿ. ಏಜ್ ಆಫ್ ಎಂಪೈರ್ಸ್ 2 ಅನ್ನೋ ಆಟದಲ್ಲಿ 2013ರಲ್ಲಿ 'ಇಂಡಿಯನ್ಸ್' ಅಂತ ಒಂದೇ ಗುಂಪು ಇತ್ತು. 2022ರಲ್ಲಿ ಅದನ್ನು ಒಡೆದು ಹಿಂದೂಸ್ತಾನಿಗಳು, ಗುರ್ಜರರು, ಬಂಗಾಳಿಗಳು, ದ್ರಾವಿಡರು ಅಂತ ನಾಲ್ಕು ಮಾಡಿದರು. ಒಳ್ಳೆ ಹೆಜ್ಜೆ ಅಂತ ಖುಷಿಯಾಯಿತು. ಆಮೇಲೆ ದ್ರಾವಿಡರನ್ನು ಆಡಿದೆ. ಸೈನಿಕರು ತಮಿಳು ಮಾತಾಡುತ್ತಾರೆ, ಕ್ಯಾಂಪೇನ್ ರಾಜೇಂದ್ರ ಚೋಳನದು. ಕನ್ನಡ, ತೆಲುಗು, ಮಲಯಾಳ ಎಲ್ಲ ಅದೇ ಡಬ್ಬಿಯೊಳಗೆ. 1054ರ ಕೊಪ್ಪಂ ಯುದ್ಧದಲ್ಲಿ ರಾಜಾಧಿರಾಜ ಚೋಳ ಆನೆ ಮೇಲೆಯೇ ಸತ್ತ, ಎದುರಿಗಿದ್ದವನು ನಮ್ಮ ಆಹವಮಲ್ಲ ಸೋಮೇಶ್ವರ. ಆಟದ ಲೆಕ್ಕದಲ್ಲಿ ಇಬ್ಬರೂ ದ್ರಾವಿಡರು. ಅಂದರೆ ಅದು ಮನೆ ಜಗಳ!

ಚೆನ್ನೈ_ಎಕ್ಸ್‌ಪ್ರೆಸ್
ಆ ಯುದ್ಧ ಕೊನೆಗೆ ಗೆದ್ದವರು ಚೋಳರು. ರಣರಂಗದಲ್ಲೇ ತಮ್ಮನಿಗೆ ಪಟ್ಟ ಕಟ್ಟಿ ತಿರುಗಿ ಹೊಡೆದರು. ಪೂರ್ತಿ ಹೇಳಿ.

ದುರ್ಗದ_ಒನಕೆ
ಚೋಳರ ಶಾಸನ ಹಾಗೆ ಹೇಳುತ್ತದೆ. ಸತ್ತಿದ್ದು ಮಾತ್ರ ಅವರ ರಾಜನೇ.

ಇನ್ನೊಂದೇ_ಟರ್ನ್
ಚೋಳರು ಯಾಕೆ ಎಲ್ಲ ಆಟದಲ್ಲೂ ಇದ್ದಾರೆ ಅಂತ ನನ್ನ ಊಹೆ: ಹಡಗು. ಸುಮಾತ್ರಾದ ಶ್ರೀವಿಜಯದವರೆಗೆ ಹೋಗಿ ದಾಳಿ ಮಾಡಿದ್ದು ಹೊರದೇಶದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ನಮ್ಮವರು ನರ್ಮದೆಗೆ ಹೋಗಿ ವಾಪಸ್ ಬಂದರು. ಭೂಪಟದಲ್ಲಿ ಬಾಣ ಎಳೆದರೆ ಉದ್ದ ಕಾಣಲ್ಲ.

ಮಧ್ಯರಾತ್ರಿ_ಮಹಾರಾಜ
ನೀವೆಲ್ಲ ತಪ್ಪು ಅಂಗಡಿಯಲ್ಲಿ ನಿಂತು ಬೆಣ್ಣೆ ದೋಸೆ ಕೇಳುತ್ತಿದ್ದೀರಿ. ಕನ್ನಡದ ರಾಜರು ಬೇಕಿದ್ದರೆ ಪ್ಯಾರಡಾಕ್ಸ್ ಕಂಪನಿಯ ಆಟಗಳಿಗೆ ಬನ್ನಿ. ಕ್ರುಸೇಡರ್ ಕಿಂಗ್ಸ್ 3ರಲ್ಲಿ 867ಕ್ಕೆ ಶುರು ಮಾಡಿದರೆ ರಾಷ್ಟ್ರಕೂಟ ಅಮೋಘವರ್ಷ, 1066ಕ್ಕೆ ಶುರು ಮಾಡಿದರೆ ಕಲ್ಯಾಣದ ಚಾಲುಕ್ಯರು. 'ಕನ್ನಡ' ಅಂತ ಸಂಸ್ಕೃತಿಯ ಹೆಸರೇ ಇದೆ. ಯುರೋಪಾ ಯೂನಿವರ್ಸಾಲಿಸ್ 4 ಶುರುವಾಗುವುದು 1444ರ ನವೆಂಬರ್ 11ಕ್ಕೆ, ಆಗ ವಿಜಯನಗರದಲ್ಲಿ ಇಮ್ಮಡಿ ದೇವರಾಯ. ಯಾರೂ "ಭಾರತದ ಪ್ರತಿನಿಧಿ" ಅಲ್ಲ. ಆ ದಿನ ಆ ಊರಲ್ಲಿ ಯಾರಿದ್ದರೋ ಅವರೇ. ಅದಕ್ಕೇ ಅಲ್ಲಿ ಈ ಜಗಳ ಕಡಿಮೆ.

ನಾನು ಸೋಮೇಶ್ವರನನ್ನು ಆಡಿದೆ. ಇತಿಹಾಸದಲ್ಲಿ ಅವನು 1068ರಲ್ಲಿ ಕುರುವತ್ತಿಯ ಹತ್ತಿರ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ನನ್ನ ಆಟದಲ್ಲಿ ಎಪ್ಪತ್ತು ದಾಟಿ ಬದುಕಿದ, ದಪ್ಪಗಾದ, ಮಗ ವಿಕ್ರಮಾದಿತ್ಯನಿಗೆ ವಿಷ ಹಾಕಲು ನೋಡಿ ಸಿಕ್ಕಿಬಿದ್ದ. ಆ ಮಗನ ಹೆಸರಿನ ಚಾಲುಕ್ಯ ವಿಕ್ರಮ ಶಕೆ ಶುರುವಾಗಲೇ ಇಲ್ಲ.

ಟೊರೊಂಟೊ_ಕನ್ನಡತಿ
ಅಲ್ಲೂ ಜಗಳ ಕಡಿಮೆ ಏನಲ್ಲ. ಅದೇ ಕಂಪನಿಯ ಹಾರ್ಟ್ಸ್ ಆಫ್ ಐರನ್ ಆಟವನ್ನು ಚೀನಾ 2004ರಲ್ಲಿ ನಿಷೇಧಿಸಿತ್ತು, ಟಿಬೆಟ್, ಮಂಚೂರಿಯಾ ಎಲ್ಲ ಬೇರೆ ದೇಶ ಅಂತ ತೋರಿಸಿದ್ದಕ್ಕೆ. ಆ ದಿನ ಯಾರಿದ್ದರೋ ಅವರೇ ಅಂದರೂ ಬಿಡುವುದಿಲ್ಲ ಜನ.

ಮಧ್ಯರಾತ್ರಿ_ಮಹಾರಾಜ
ಹ್ಞೂಂ, ಅದು ಸರಿ. ಐದನೇ ಯುರೋಪಾ ಇನ್ನೂ ಮಜಾ. 1337ಕ್ಕೆ ಶುರು. ವಿಜಯನಗರ ಸ್ಥಾಪನೆಯಾಯಿತು ಅಂತ ನಾವು ಶಾಲೆಯಲ್ಲಿ ಓದಿದ್ದು 1336. ಹೊಯ್ಸಳ ಮುಮ್ಮಡಿ ಬಲ್ಲಾಳ ಇನ್ನೂ ಬದುಕಿದ್ದಾನೆ. ಎರಡೂ ಕಡೆ ನಮ್ಮವರೇ, ಯಾರನ್ನು ಆಡುವುದು?

ಗದಗ_ಗೇಮರ್
ಇಷ್ಟೆಲ್ಲ ಮಾತಾಡುವ ಬದಲು ನಾವೇ ಒಂದು ಮಾಡ್ (ಆಟಕ್ಕೆ ಆಡುವವರೇ ಸೇರಿಸುವ ಭಾಗ) ಮಾಡಬಾರದಾ? ಸಿವ್ ಐದಕ್ಕೆ ಮಾಡುವುದು ಸುಲಭ, ಎಕ್ಸ್‌ಎಂಎಲ್ ಮತ್ತು ಸ್ವಲ್ಪ ಲುವಾ ಗೊತ್ತಿದ್ದರೆ ಸಾಕು. ನಾನು ಕೋಡ್ ಬರೆಯುತ್ತೇನೆ. ಪುಲಕೇಶಿ, ರಾಜಧಾನಿ ವಾತಾಪಿ, ಯೂನಿಟ್ ಹೆಂಡ ಕುಡಿದ ಆನೆ, ಕಟ್ಟಡ ಗುಹಾಲಯ. ಮೇಡಂ, ಊರುಗಳ ಪಟ್ಟಿ ನೀವು ಕೊಡುತ್ತೀರಾ?

ಇತಿಹಾಸದ_ಮೇಡಂ
ಕೊಡುತ್ತೇನೆ. ವಾತಾಪಿ, ಐಹೊಳೆ, ಪಟ್ಟದಕಲ್ಲು, ಮಹಾಕೂಟ, ಬನವಾಸಿ, ಆಲಂಪುರ, ನಾಸಿಕ. ಆಲಂಪುರ ಈಗ ತೆಲಂಗಾಣದಲ್ಲಿದೆ, ನಾಸಿಕ ಮಹಾರಾಷ್ಟ್ರದಲ್ಲಿ. ತೆಗೆಯಬೇಡಿ. ಇನ್ನೊಂದು ಷರತ್ತು: ಸೋಲನ್ನೂ ಹಾಕಬೇಕು. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ, ಅವನ ಶಾಸನ ಅಲ್ಲಿನ ಬಂಡೆಯ ಮೇಲೆ ಇವತ್ತಿಗೂ ಇದೆ. ಪುಲಕೇಶಿಯ ಕಥೆಯನ್ನು ನರ್ಮದೆಯಲ್ಲೇ ನಿಲ್ಲಿಸುವುದಾದರೆ ನನ್ನ ಹೆಸರು ಹಾಕಬೇಡಿ.

ಚೆನ್ನೈ_ಎಕ್ಸ್‌ಪ್ರೆಸ್
ಮೇಡಂ ಜೊತೆ ನಾನೂ ಇದ್ದೇನೆ. ನರಸಿಂಹವರ್ಮನ ಮಾತುಗಳನ್ನು ನಾನು ಬರೆದುಕೊಡುತ್ತೇನೆ, ಎದುರಾಳಿಯೂ ಚೆನ್ನಾಗಿರಬೇಕಲ್ವಾ.

ಪುಣೆಯ_ಕನ್ನಡಿಗ
ನಾಸಿಕ ಬಿಟ್ಟರೆ ನಾನು ಬೆಂಬಲ. ಟೆಸ್ಟಿಂಗ್ ನನಗೆ ಕೊಡಿ.

ಮಂಗಳೂರು_ಬನ್ಸ್
ಮುಂದಿನ ಮಾಡ್ ಅಬ್ಬಕ್ಕ ಅಂತ ಈಗಲೇ ಬರೆದಿಟ್ಟುಕೊಳ್ಳಿ. ತುಳು ಧ್ವನಿ ನಮ್ಮ ದೊಡ್ಡಮ್ಮ ಕೊಡುತ್ತಾರೆ, ಅವರು ಬೈಯುವುದು ಕೇಳಿದರೆ ಪೋರ್ಚುಗೀಸರು ತಾವಾಗೇ ಹೊರಡುತ್ತಾರೆ.

ಧಾರವಾಡ_ಪೇಡಾ
ನಮ್ಮ ಚೆನ್ನಮ್ಮ ಏನಾದರು ರೀ?

ಗದಗ_ಗೇಮರ್
ಸರದಿ ಪ್ರಕಾರ ರೀ. ಮೊದಲು ಆನೆಗೆ ಚಿತ್ರ ಬೇಕು. ಯಾರಿಗೆ ಡ್ರಾಯಿಂಗ್ ಬರುತ್ತದೆ?

ಹೊಸಬ_2025
ನಾನು ಇದುವರೆಗೆ ಒಂದೂ ಆಡಿಲ್ಲ, ಇದನ್ನೆಲ್ಲ ಓದಿ ಆಸೆ ಆಯಿತು. ನನ್ನ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ‍್ಯಾಮ್ ಇದೆ, ಓಡುತ್ತದಾ?

ಹಳೇ_ಪೆಂಟಿಯಂ
ಸಿವ್ ಐದು ಓಡುತ್ತದೆ. ಏಳರ ಆಸೆ ಬಿಡಿ. ಸೇಲ್ ಬಂದಾಗ ತಗೊಳ್ಳಿ, ಪೂರ್ತಿ ಬೆಲೆ ಕೊಡಬೇಡಿ.